ಆದರ್ಶ ಗೃಹಿಣಿಯ ಹಸಿವು

ನನ್ನನ್ನು ಯಾರಾದರೂ ಹೊಗಳಿದರೆ ಮೈ ಉರಿಯುತ್ತದೆ. ಬೈದವರನ್ನು ತಿರುಗಿ ಬೈಯಬಹುದು, ಹೊಗಳಿದವರ ಮುಂದೆ ಕೈಮುಗಿದು ನಗಬೇಕು. ನಾನು ಹೊಸ ಸೊಸೆಯಾಗಿದ್ದಾಗ ಅತ್ತೆ ಬಂದವರಿಗೆಲ್ಲ, "ನಮ್ಮ ಸೊಸಿ ಭಾಳ ಚಲೋರಿ, ಬಾಯೇ ಇಲ್ಲ" ಎನ್ನುತ್ತಿದ್ದರು. ಬಾಯಿ ಇತ್ತು. ಅದರೊಳಗೆ ಹಾಕಲು ಪಾತ್ರೆಯಲ್ಲಿ ಏನೂ ಉಳಿಯುತ್ತಿರಲಿಲ್ಲ, ಅಷ್ಟೆ.

ಈ ವರ್ಷ, ನಾವು ದುಡಿಯಲು ಬಂದು ನೆಲೆಸಿದ ಪರ್ವರಿ ಊರಿನ ನಮ್ಮ ಕನ್ನಡದವರ ಸಂಘ ನನಗೆ ಆದರ್ಶ ಗೃಹಿಣಿ ಎಂದು ಸನ್ಮಾನ ಇಟ್ಟಿತು. ನನ್ನ ಹೆಸರು ಬರೆದುಕೊಟ್ಟವನು ಮಗ ಬಸವರಾಜ. ಅವನಿಗೆ ಅವ್ವನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿದ್ದೇನಲ್ಲ. ಸೊಸೆ ಸಾವಿತ್ರಿಗೆ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರದಿಂದ ಹೋಗಬೇಕು. ಇವನು ಬಿಡುತ್ತಿರಲಿಲ್ಲ. "ಮಧ್ಯಾಹ್ನ ರೊಟ್ಟಿ ಯಾರು ಬಡೀತಾರ? ನಮ್ಮವ್ವನ್ನ ನೋಡಿ ಕಲಿ, ಒಂದಿನಾನೂ ಬ್ಯಾಸರಾ ಮಾಡ್ಕೊಂಡಿಲ್ಲ" ಎಂದು ಅವಳಿಗೆ ದಿನವೂ ಪಾಠ. ನನಗೆ ಶಾಲು ಹೊದಿಸಿ ಅವಳನ್ನು ಕಟ್ಟಿಹಾಕುವ ಉಪಾಯ ಅದು.

ಭಾನುವಾರ ಸನ್ಮಾನ. ಅಧ್ಯಕ್ಷರು ನನ್ನ ಗುಣಗಾನ ಓದಿದರು. ಗಂಡಸರ ಊಟ ಮುಗಿಯುವ ತನಕ ತುತ್ತು ಮುಟ್ಟಿದವಳಲ್ಲವಂತೆ, ಒಂದೊಂದೇ ಬಿಸಿ ರೊಟ್ಟಿ ಬಡಿದು ಬಡಿಸಿದವಳಂತೆ. ಚಪ್ಪಾಳೆಯೋ ಚಪ್ಪಾಳೆ. ಬೆಳಗಿನಿಂದ ಅಡುಗೆ ಮಾಡಿ ಹಿಂದೆ ನಿಂತಿದ್ದ ಹೆಂಗಸರೂ ತಟ್ಟಿದರು, ಅವರದಿನ್ನೂ ಊಟವಾಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಮೈಕು ಹಿಡಿದೆ.

"ಅದು ತ್ಯಾಗ ಅಲ್ರಿ, ಉಪವಾಸ! ಹಂಚಿನ ಮುಂದ ಕಣ್ಣಿಗೆ ಕತ್ತಲಿ ಬರ್ತಿತ್ತು. ಬ್ಯಾಸರಾ ದಿನಾ ಆಗ್ತಿತ್ತು, ಯಾರೂ ಕೇಳ್ಲಿಲ್ಲ. ನಾಳಿ ನನ್ನ ಸೊಸಿ ಕೆಲಸಕ್ಕ ಹೋಗ್ತಾಳ, ಯಾರು ತಡೀತಾರ ನೋಡೇಬಿಡ್ತೀನಿ."

ಅಧ್ಯಕ್ಷರು ಮೈಕು ಕಸಿದುಕೊಂಡು, "ಅಮ್ಮಾರು ಭಾವುಕರಾಗ್ಯಾರ್ರಿ" ಎಂದರು.

"ಭಾವುಕ ಅಲ್ರಿ, ಸಿಟ್ಟು ಬಂದೈತಿ" ಎಂದು ಮೈಕಿಲ್ಲದೆಯೇ ಕೂಗಿದೆ.

ಸೋಮವಾರ ಸಾವಿತ್ರಿ ಹೋದಳು. ಅಷ್ಟು ಜನರೆದುರು ಅವ್ವ ಕೂಗಿದ ಮೇಲೆ ಬಸವರಾಜನಿಗೆ ಬೇಡ ಎನ್ನಲು ಮುಖವಿರಲಿಲ್ಲ. ಮಧ್ಯಾಹ್ನ ಕಟ್ಟಡದ ಕೆಲಸದಿಂದ ಬಂದವನು ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ, ಸೂರಿನಿಂದ ರೊಟ್ಟಿ ಉದುರುತ್ತದೇನೋ ಎಂಬಂತೆ. "ಹಿಟ್ಟು ಅಲ್ಲೈತಿ, ಒಲಿ ಇಲ್ಲೈತಿ" ಎಂದೆ. ಹೋಗಿ ಜೋಳದ ಹಿಟ್ಟಿಗೆ ತಣ್ಣೀರು ಸುರಿದು ನಾದಿದ! ಕುದಿಯುವ ನೀರು ಹಾಕಬೇಕೆಂಬುದೂ ಗೊತ್ತಿಲ್ಲ. ಬಡಿದದ್ದೆಲ್ಲ ಬಿರಿದು ಚೂರಾಯಿತು. ಕೊನೆಗೆ ಮೂಲೆ ಅಂಗಡಿಯಿಂದ ಪಾವು ಬ್ರೆಡ್ಡು ತಂದು ತಿಂದ.

ಸಂಜೆ ಸೊಸೆ ಬಂದಾಗ ಕೇಳಿದೆ, "ನಿನ್ನ ಗಂಡಗ ಹಿಟ್ಟು ನಾದಾಕ ಬರಂಗಿಲ್ಲಲ್ಲವಾ, ಇಷ್ಟು ವರ್ಷ ಏನ್ ಕಲಿಸಿದಿ?"

ಅವಳು ಚಪ್ಪಲಿ ಬಿಡುತ್ತಾ, "ನಾ ಬಂದು ಹತ್ತು ವರ್ಷ ಆತ್ರಿ ಅತ್ತಿ. ಅದಕ್ಕ ಮೊದಲ ಇಪ್ಪತ್ತೆಂಟು ವರ್ಷ ಅವರು ನಿಮ್ಮ ಕೈಯಾಗ ಇದ್ರಲ್ರಿ?" ಎಂದಳು.

ಇದ್ದ, ಖರೆ. ಒಲೆಯ ಹತ್ತಿರ ಬಂದಾಗಲೆಲ್ಲ "ಗಂಡಸಿಗೇನ್ ಕೆಲಸೋ ಇಲ್ಲಿ" ಎಂದು ಸೌಟು ತೋರಿಸಿ ಓಡಿಸಿದವಳು ನಾನೇ. ಈಗ ಈ ಸಿಟ್ಟನ್ನು ಯಾರ ಮೇಲೆ ಹಾಕಲಿ?