ಅಪ್ಪ ಹಾಕಿದ ಬೋಲ್ಟು

ಎಲ್ಲ ರಾಮಾಯಣಕ್ಕೂ ಮೂಲ ಅಳತೆ ತಪ್ಪಿದ ಒಂದು ಬೋಲ್ಟು. ಎಂಟು ವರ್ಷದ ಹಿಂದೆ ಇಂದುಮತಿಯ ಹಿಟ್ಟು ರುಬ್ಬುವ ಗ್ರೈಂಡರ್ ಕೈಕೊಟ್ಟಾಗ, ಗಂಡ ವಾಸುದೇವ ತಾವು ದುಡಿಯುತ್ತಿದ್ದ ಗೋರ್ವಾ ಬಡಾವಣೆಯ ಕಾರ್ಖಾನೆಯಿಂದ ಒಂದು ಬೋಲ್ಟು ತಂದರು. ಅದು ಸಡಿಲವಾಯಿತು. ತಗಡಿನ ಚೂರು ಸುತ್ತಿ ಬಿಗಿದು, "ನೋಡ್ತಿರು, ನಾನು ಹೋದ್ರೂ ಇದು ಹೋಗಲ್ಲ" ಎಂದರು. ಹಾಗೇ ಆಯಿತು. ಅವರು ಹೋಗಿ ಎರಡು ವರ್ಷ. ಗ್ರೈಂಡರ್ ಮಾತ್ರ ಕುಂಟು ಕುದುರೆಯ ಹಾಗೆ ಧಡ್-ಗುಂಯ್, ಧಡ್-ಗುಂಯ್ ಎಂದು ಓಡುತ್ತಲೇ ಇತ್ತು. ಪ್ರತಿ ಶನಿವಾರ ನಾಲ್ಕು ಸೇರು ಅಕ್ಕಿ ರುಬ್ಬಿ, ಇಂದುಮತಿ ಇಡೀ ಬಿಲ್ಡಿಂಗಿಗೆ ದೋಸೆ ಹಿಟ್ಟು ಹಂಚುತ್ತಿದ್ದಳು.

ಮಗ ಮಯೂರ್ ಕೊರಿಯರ್ ಆಫೀಸಿನ ಗುಮಾಸ್ತ. ಮಾತು ಕಡಿಮೆ. ಯಂತ್ರಗಳ ಸದ್ದನ್ನೇ ತಾಳ ಮಾಡಿಕೊಂಡ ಹಳೇ ಕಾಲದ ಇಂಡಸ್ಟ್ರಿಯಲ್ ಸಂಗೀತದ ಹುಚ್ಚು ಮಾತ್ರ ಜಾಸ್ತಿ. ಸಿಂಥಸೈಜರಿನಲ್ಲಿ ಎರಡು ಸ್ವರಗಳನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ, ಮೇಲಿನ ಹೊಳಪನ್ನು ಫಿಲ್ಟರಿನಲ್ಲಿ ಸೋಸಿ, ಹೊಟ್ಟೆನೋವು ಬಂದ ಮೋಟರಿನಂಥ ತಗ್ಗುದನಿಯ ಬೇಸ್ ಕಟ್ಟಿದ್ದ. ಡ್ರಮ್ಮೇ ಬರಲೊಲ್ಲದು. ಎಷ್ಟು ಒದ್ದಾಡಿದರೂ ಒದ್ದೆ ರಟ್ಟಿನ ಡಬ್ಬ ಬಡಿದ ಸದ್ದು. ಅವನಿಗೆ ಬೇಕಿದ್ದದ್ದು, ಚಿಕ್ಕಂದಿನಲ್ಲಿ ಅಪ್ಪನಿಗೆ ಬುತ್ತಿ ಒಯ್ದಾಗ ಗೇಟಿನಾಚೆ ಕೇಳುತ್ತಿದ್ದ, ತಗಡು ಒತ್ತುವ ಪ್ರೆಸ್ ಮೆಷಿನ್ನಿನ ಪೆಟ್ಟು. ಆ ಕಾರ್ಖಾನೆ ಈಗ ಮದುವೆ ಹಾಲ್. ಆ ಪೆಟ್ಟು ಉಳಿದಿದ್ದದ್ದು ಅಮ್ಮನ ಗ್ರೈಂಡರಿನಲ್ಲಿ ಮಾತ್ರ.

ಐದು ಶನಿವಾರ ಮೈಕ್ ಹಿಡಿದು ಕೂತಿದ್ದ. ಒಮ್ಮೆ ಕುಕ್ಕರ್ ಕೂಗಿತು, ಒಮ್ಮೆ ಬಾಗಿಲ ಗಂಟೆ, ಒಮ್ಮೆ ಅಮ್ಮನ ಸೀನು. "ಥತ್, ಸೌಂಡ್ ಹಾಳಾಯ್ತು" ಎಂದು ಐದನ್ನೂ ಅಳಿಸಿ ಹಾಕಿದ್ದ. ಇದು ಆರನೆಯದು, ಕೊನೆಯದು. ಸಂಜೆ ಆರರೊಳಗೆ ಕಳಿಸಿದರೆ ಪೋಲೆಂಡಿನ ಪುಟ್ಟ ಸಂಗೀತ ಕಂಪನಿಯೊಂದು ತನ್ನ ಕ್ಯಾಸೆಟ್ಟಿನಲ್ಲಿ ಸೇರಿಸಿಕೊಳ್ಳುವುದಾಗಿ ಬರೆದಿತ್ತು. ಹಾಡಿನ ಹೆಸರು 'ವಾಸುದೇವ, ಮೊದಲ ಶಿಫ್ಟ್'.

ಬೆಳಿಗ್ಗೆ ಹತ್ತಕ್ಕೆ, ಅಕ್ಕಿ ರುಬ್ಬುವ ಮುನ್ನ ಒಮ್ಮೆ ನೋಡೋಣವೆಂದು ಬೇಸ್ ಹಾಕಿದ. ಸ್ಟ್ಯಾಂಡಿನ ತಟ್ಟೆಗಳು ಚಳಿಜ್ವರ ಬಂದಂತೆ ನಡುಗಿದವು. ಕೆಳಗಿನ ಮನೆಯ ಜಸವಂತಭಾಯಿ, ಬಿಲ್ಡಿಂಗಿನ ಸೆಕ್ರೆಟರಿ, ಬನಿಯನ್ನಿನಲ್ಲೇ ಓಡಿಬಂದರು.

"ಅರೇ ಮಯೂರ್‌ಭಾಯಿ, ನೀರಿನ ಮೋಟರ್ ಹೋಯ್ತು! ಬೇರಿಂಗ್ ಅಳ್ತಾ ಇದೆ, ಕೇಳಿಸ್ತಿಲ್ವಾ?"

ಇವನು ಬಾಯಿ ತೆರೆಯುವಷ್ಟರಲ್ಲಿ ಕೈ ಹಿಡಿದು ಪಂಪ್ ರೂಮಿಗೆ ಎಳೆದೊಯ್ದು, ಇಡೀ ಬಿಲ್ಡಿಂಗಿನ ಕರೆಂಟ್ ತೆಗೆದುಬಿಟ್ಟರು. ಸದ್ದು ನಿಲ್ಲಲಿಲ್ಲ. ಮೇಲೆ ಮಯೂರನ ಸ್ಪೀಕರ್ ಬ್ಯಾಟರಿಯಲ್ಲಿ ಹಾಡುತ್ತಲೇ ಇತ್ತು.

"ಹೇ ಭಗವಾನ್, ಕರೆಂಟ್ ಇಲ್ದೆ ಓಡ್ತಿದೆ!"

ಎಂಟು ಜನ ಸೇರಿದರು. ಒಬ್ಬರು ಪಂಪಿಗೆ ಎಣ್ಣೆ ಬಿಟ್ಟರು, ಇನ್ನೊಬ್ಬರು ಊದುಬತ್ತಿ ಹಚ್ಚಿದರು. "ನೀನು ಸೌಂಡ್ ತಿಳಿದವನು, ಕಿವಿ ಇಡು" ಎಂದು ಮಯೂರನನ್ನು ಮೋಟರಿನ ಮುಂದೆ ಕುಕ್ಕರಗಾಲಲ್ಲಿ ಕೂರಿಸಿದರು. ನಿಜ ಹೇಳುವ ಧೈರ್ಯ ಬರಲು ಅವನಿಗೆ ಒಂದೂವರೆ ಗಂಟೆ ಹಿಡಿಯಿತು.

"ಅದು... ನನ್ನ ಸಂಗೀತ, ಕಾಕಾ."

ಜಸವಂತಭಾಯಿ ಊದುಬತ್ತಿ ಆರಿಸಿದರು. ಆಮೇಲೆ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದರು: "ಬೇಟಾ, ಮದುವೆ ಮಾಡ್ಕೋ."

ಕರೆಂಟ್ ಬಂತು. ಮಯೂರ್ ಮೆಟ್ಟಿಲು ಹಾರಿ ಮೇಲೆ ಬಂದ. ಸ್ಪೀಕರ್ ಆರಿಸಿ, ಕಿಟಕಿ ಮುಚ್ಚಿ, ಮೈಕಿನ ಕೆಳಗೆ ಟವೆಲ್ ಮಡಚಿಟ್ಟು, ಹೆಡ್‌ಫೋನ್ ಏರಿಸಿ, "ಅಮ್ಮಾ, ಹಾಕು" ಎಂದ.

ಏನೂ ಇಲ್ಲ. ವಾಲ್ಯೂಮ್ ಏರಿಸಿದ. ವೈರ್ ಅಲುಗಾಡಿಸಿದ. ತಿರುಗಿ ನೋಡಿದರೆ ಕಲ್ಲು ತಿರುಗುತ್ತಿದೆ, ಬೆಣ್ಣೆಯಲ್ಲಿ ಕೈಯಾಡಿಸಿದಷ್ಟು ಮೆತ್ತಗೆ.

ಬಾಗಿಲ ಹಿಂದಿನಿಂದ ಎದುರು ಮನೆಯ ನಾರಾಯಣ ಮಾಮ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಹುಬ್ಬಳ್ಳಿಯವರು, ಕರಿಗೈ ಒರೆಸುತ್ತ ಬಂದರು. "ಹೆಂಗೈತಿ ತಮ್ಮಾ? ಕರೆಂಟ್ ಹೋಗಿದ್ದು ಛಲೋ ಆತು ನೋಡು, ಪೂರಾ ಬಿಚ್ಚೇಬಿಟ್ಟೆ. ಇನ್ನ ಹತ್ತ ವರ್ಷ ಸದ್ದ ಕೇಳಿದ್ರ ನನ್ನ ಹೆಸರು ಬದಲಿಸು!"

"ನಾನೇ ಕರೆದೆ" ಎಂದಳು ಅಮ್ಮ ಹೆಮ್ಮೆಯಿಂದ. "ಐದು ವಾರದಿಂದ ನೋಡ್ತಿದೀನಿ. ಗ್ರೈಂಡರ್ ಹಾಕಿದಾಗೆಲ್ಲ ಮುಖ ಸಿಂಡರಿಸ್ಕೊಂಡು 'ಸೌಂಡ್ ಹಾಳಾಯ್ತು' ಅಂತೀಯ. ಇನ್ಮೇಲೆ ಆರಾಮಾಗಿ ರೆಕಾರ್ಡ್ ಮಾಡ್ಕೋ."

ಮಯೂರ್ ಹೆಡ್‌ಫೋನ್ ಕಳಚಿದ. "ಅಮ್ಮಾ... ನಂಗೆ ಬೇಕಾಗಿದ್ದೇ ಆ ಸದ್ದು. ಅಪ್ಪಂದು."

ಇಂದುಮತಿ ಗ್ರೈಂಡರ್ ಆರಿಸಿದಳು. ಸೆರಗಿನ ತುದಿಯ ಗಂಟು ಬಿಚ್ಚಿದಳು. ತಗಡು ಸುತ್ತಿದ ಬೋಲ್ಟು ಅಲ್ಲೇ ಇತ್ತು. ನಾರಾಯಣ ಮಾಮ ಅದನ್ನು ತಿರುಗಿ ಕೂಡಿಸಲು ಹೋದರು. ಅದು ನುಸುಳಿ ನೆಲಕ್ಕೆ ಬಿದ್ದು ಟಿಣ್ ಎಂದಿತು.

"ತೂತ ದೊಡ್ಡದು ಮಾಡೀನಿ ತಮ್ಮಾ" ಎಂದರು ಅವರು ತಲೆತಗ್ಗಿಸಿ. "ಇನ್ನ ಅದು ಕೂಡಂಗಿಲ್ಲ."

"ಬೇಕು ಅಂತ ಒಂದ್ಮಾತು ಹೇಳ್ಬಾರ್ದಿತ್ತೇನೋ?" ಎಂದಳು ಅಮ್ಮ.

"ನೀನಾದ್ರೂ ನನ್ನ ಕೇಳ್ಬಾರ್ದಿತ್ತಾ?"

ಅವಳು ಬೋಲ್ಟನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. "ಮನೇಲಿರೋದು ಇಬ್ಬರು. ಪ್ರತಿ ವಾರ ನಾಲ್ಕು ಸೇರು ಯಾಕೆ ರುಬ್ತಿದ್ದೆ ಅಂದ್ಕೊಂಡೆ? ಬಿಲ್ಡಿಂಗಿನೋರ ದೋಸೆಗಾ?"

ಹಾಡು ಕಳಿಸುವ ಗಡುವು ಮುಗಿದ ಆರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಖಾಲಿ ಡಬ್ಬಿ ಹಿಡಿದು ಜಸವಂತಭಾಯಿ ನಿಂತಿದ್ದರು.

"ಇಂದುಮತಿಬೇನ್, ಇವತ್ತು ಹಿಟ್ಟಿಲ್ವಾ? ಮಧ್ಯಾಹ್ನದಿಂದ ಕಾಯ್ತಿದ್ದೆ. ಧಡ್-ಗುಂಯ್ ಕೇಳಿಸಲೇ ಇಲ್ಲ."

ಇಂದುಮತಿ ಡಬ್ಬಿ ತುಂಬಿ ಕೊಟ್ಟಳು. "ಇದ್ಯಲ್ಲ ಭಾಯಿ" ಎಂದಳು. "ಮುಂದಿನ ವಾರದಿಂದ ಒಂದೇ ಸೇರು."