ನನ್ನ ಹೆಸರು ಕೇಳಿದ ಹುಡುಗಿ

ಪಾಠ ಹೇಳುವವರಿಗೆಲ್ಲ ಒಳಗೊಳಗೇ ಒಂದು ಭಯ ಇರುತ್ತದೆ. ನಾವು ಹೇಳಿದ್ದನ್ನು ಯಾರಾದರೂ ಪುಣ್ಯಾತ್ಮರು ನಿಜವಾಗಿಯೂ ಪಾಲಿಸಿಬಿಟ್ಟರೆ ಏನು ಗತಿ ಎಂಬ ಭಯ. ನಾನು ವಿಜಯನಗರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಔಷಧಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಸರಿಯಾದ ರೋಗಿಗೆ, ಸರಿಯಾದ ಔಷಧಿಯನ್ನು, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ, ಸರಿಯಾದ ದಾರಿಯಲ್ಲಿ ಕೊಡಬೇಕು. ದಾರಿ ಎಂದರೆ ಬಾಯಿಯೋ, ಮಾಂಸಖಂಡವೋ, ರಕ್ತನಾಳವೋ ಅಂತ. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ ನಮ್ಮ ಯಜಮಾನರಿಗೂ ಬಾಯಿಪಾಠವಾಗಿದೆ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟರೆ, "ಸರಿಯಾದ ರೋಗಿಗೇ ಕೊಡ್ತಾ ಇದೀಯ ತಾನೇ?" ಎನ್ನುತ್ತಾರೆ.

ನನಗೆ ಸ್ವಲ್ಪ ಜಂಬ ಇದೆ, ಒಪ್ಪಿಕೊಳ್ಳುತ್ತೇನೆ. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಯಾವ ಆಸ್ಪತ್ರೆಗೆ ಹೋದರೂ ಒಬ್ಬಳಾದರೂ "ನಮಸ್ತೆ ಮೇಡಂ" ಎಂದು ಎದ್ದು ನಿಲ್ಲುತ್ತಾಳೆ. ಆಗ ಜೊತೆಯಲ್ಲಿದ್ದವರನ್ನು ಓರೆಗಣ್ಣಿನಲ್ಲಿ ನೋಡುತ್ತೇನೆ, ಗಮನಿಸಿದರೋ ಇಲ್ಲವೋ ಅಂತ. ಹಾಗೆ ಎದ್ದು ನಿಲ್ಲುವ ಚುರುಕು ಹುಡುಗಿಯರ ಸಾಲಿಗೆ ಎರಡನೇ ವರ್ಷದ ಸೌಮ್ಯ ಸೇರುತ್ತಾಳೆಂದು ನಾನು ಎಣಿಸಿರಲಿಲ್ಲ. ಕೆಂಗೇರಿ ಆಚೆಯ ಹಳ್ಳಿಯವಳು, ಹಿಂದಿನ ಬೆಂಚು, ಮಾತು ಕಡಿಮೆ. ಔಷಧಿಯ ಲೇಬಲ್ಲನ್ನು ಮೂರು ಸಲ ಓದುತ್ತಾಳೆ: ಕಪಾಟಿನಿಂದ ತೆಗೆಯುವಾಗ, ಸಿರಿಂಜಿಗೆ ಎಳೆಯುವಾಗ, ಬಾಟಲಿ ವಾಪಸ್ ಇಡುವಾಗ. ಹಾಗೆ ಓದಬೇಕೆಂದು ಹೇಳಿಕೊಟ್ಟವಳು ನಾನೇ. ಆದರೆ ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಲವತ್ತು ಜನರನ್ನು ಮುಗಿಸಬೇಕಲ್ಲ! "ಬೇಗ ಮಾಡೇ ತಾಯಿ, ಅಷ್ಟರಲ್ಲಿ ರೋಗಿಗೆ ತಾನಾಗೇ ವಾಸಿಯಾಗಿಬಿಡುತ್ತೆ" ಎಂದು ಗದರಿ ಎರಡು ಮಾರ್ಕು ಕಳೆದಿದ್ದೆ.

ಅದಾದ ಸ್ವಲ್ಪ ದಿನಕ್ಕೆ ನನ್ನ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಆಪರೇಷನ್ನಿಗೆಂದು ನಮ್ಮ ಹುಡುಗಿಯರು ಡ್ಯೂಟಿ ಮಾಡುವ ಆಸ್ಪತ್ರೆಗೇ ಸೇರಿದೆ. ಸೇರುವಾಗ ತುಂಬಬೇಕಾದ ಫಾರಂ ಬಂತು. ನಮ್ಮ ಯಜಮಾನರು ವಿಮಾ ಕಚೇರಿಯಲ್ಲಿದ್ದವರು, ಖಾಲಿ ಫಾರಂ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಅಸ್ತಮಾ ಇಲ್ಲ, ಅಲರ್ಜಿ ಇಲ್ಲ, ಎಲ್ಲ ಇಲ್ಲ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ನಾನು ಆ ಹೊತ್ತಿಗೆ ಹಳೇ ವಿದ್ಯಾರ್ಥಿನಿಯರ ನಮಸ್ಕಾರ ಸ್ವೀಕರಿಸುವುದರಲ್ಲಿ ಮುಳುಗಿದ್ದೆ. ಯಜಮಾನರು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ ಎಂಬುದು ನನ್ನ ಮೊದಲ ವರ್ಷದ ಪಾಠ.

ಆಪರೇಷನ್ ಆದ ಮಾರನೇ ಬೆಳಿಗ್ಗೆ ಹೊಟ್ಟೆನೋವು ತಡೆಯಲಾಗುತ್ತಿರಲಿಲ್ಲ. ಇಂಜೆಕ್ಷನ್ ಟ್ರೇ ಹಿಡಿದು ಬಂದವಳು ಸೌಮ್ಯ. ಹಿಂದೆ ವಾರ್ಡಿನ ಸಿಸ್ಟರ್ ನಿಂತಿದ್ದರು.

"ನಿಮ್ಮ ಪೂರ್ತಿ ಹೆಸರು ಹೇಳಿ ಮೇಡಂ."

"ಏನೇ, ನನ್ನ ಹೆಸರು ಗೊತ್ತಿಲ್ವೇನೇ ನಿಂಗೆ?"

"ಗೊತ್ತು ಮೇಡಂ. ಆದ್ರೂ ನೀವೇ ಹೇಳ್ಬೇಕು."

ಹೇಳಿದೆ. ಅವಳು ನನ್ನ ಕೈಗೆ ಕಟ್ಟಿದ್ದ ಹೆಸರಿನ ಪಟ್ಟಿಯ ಜೊತೆ ತಾಳೆ ನೋಡಿದಳು. ಆಮೇಲೆ ಹುಟ್ಟಿದ ವರ್ಷ ಕೇಳಿದಳು. ಪಕ್ಕದ ಹಾಸಿಗೆಯಲ್ಲಿ ಮಹಾಲಕ್ಷ್ಮಿ ಲೇಔಟಿನ ಒಬ್ಬರು ಆಂಟಿ ಇದ್ದರು. ಅಲ್ಲಿಯವರೆಗೆ ನರಳುತ್ತಿದ್ದವರು ಥಟ್ಟನೆ ನರಳುವುದನ್ನು ನಿಲ್ಲಿಸಿ ಕಿವಿಗೊಟ್ಟರು. ವರ್ಷವನ್ನು ಪಿಸುಗುಟ್ಟಿದೆ.

"ಯಾವ್ದಾದ್ರೂ ಔಷಧಿ ನಿಮಗೆ ಆಗಿ ಬರಲ್ವಾ ಮೇಡಂ?"

"ಏನೂ ಇಲ್ಲ ಕಣೇ. ಫೈಲಲ್ಲೇ ಬರ್ದಿದೆ ನೋಡು. ಬೇಗ ಚುಚ್ಚು, ಪ್ರಾಣ ಹೋಗ್ತಾ ಇದೆ!"

"ಕೊಡಮ್ಮ, ಮೇಡಂಗೆ ಗೊತ್ತಿರಲ್ವಾ?" ಎಂದರು ಸಿಸ್ಟರ್.

ಸೌಮ್ಯ ಸಿರಿಂಜನ್ನು ವಾಪಸ್ ಟ್ರೇಯಲ್ಲಿಟ್ಟಳು. "ಮೇಡಂ, ಇದು ಡೈಕ್ಲೋಫೆನಾಕ್. ನೋವಿನ ಔಷಧಿ ಪಾಠ ಮಾಡುವಾಗ ನೀವೇ ಹೇಳಿದ್ರಿ. ನಿಮ್ಮ ತಂಗಿ ಮದುವೇಲಿ ಸೊಂಟ ನೋವು ಅಂತ ಇದನ್ನೇ ಚುಚ್ಚಿಸ್ಕೊಂಡು, ಮುಖ ಊದಿ, ಉಸಿರು ಕಟ್ಟಿ, ಧಾರೆ ಹೊತ್ತಿಗೆ ಆಸ್ಪತ್ರೇಲಿದ್ರಿ ಅಂತ. ಡಾಕ್ಟರನ್ನ ಕೇಳದೆ ನಾನು ಕೊಡಲ್ಲ."

ನಿಜ, ಅದು ನನಗೇ ಆದದ್ದು. ಊದಿದ ಮುಖ ನೋಡಿ ಬೀಗರು ನನ್ನನ್ನು ಗುರುತಿಸದೆ, "ಇವರು ಯಾರ ಕಡೆಯವರು?" ಎಂದು ಕೇಳಿದ್ದನ್ನೂ ಸೇರಿಸಿ ಪ್ರತಿವರ್ಷ ತರಗತಿಯನ್ನು ನಗಿಸುತ್ತೇನೆ. ನಗಿಸಿ ನಗಿಸಿ ಅದು ಯಾರಿಗೋ ಆದ ಕಥೆಯ ಹಾಗಾಗಿಬಿಟ್ಟಿತ್ತು. ಎಲ್ಲರೂ ನಕ್ಕು ಮರೆತ ಕಥೆಯನ್ನು ಈ ಹುಡುಗಿ ಔಷಧಿಯ ಹೆಸರಿನ ಸಮೇತ ನೆನಪಿಟ್ಟುಕೊಂಡಿದ್ದಳು. ಡಾಕ್ಟರು ಬಂದರು, ಚೀಟಿ ಬದಲಾಯಿತು, ಪ್ಯಾರಾಸಿಟಮಾಲ್ ಡ್ರಿಪ್ ಏರಿತು, ಫೈಲಿನ ಮೇಲೆ ಅಲರ್ಜಿ ಎಂದು ಕೆಂಪು ಅಕ್ಷರ ಬಿತ್ತು. ಮುತ್ತಿನಂಥ ಅಕ್ಷರದವರು ಮೂಲೆಯ ಕುರ್ಚಿಯಲ್ಲಿ ಕೂತು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಗುರುವಿನ ಮಾತಿಗಿಂತ ಗುರು ಹೇಳಿಕೊಟ್ಟ ಪಾಠ ದೊಡ್ಡದೆಂದು ನಿಂತಳಲ್ಲ ಈ ಹುಡುಗಿ, ಆ ಹೆಮ್ಮೆಯಲ್ಲಿ ಹೊಟ್ಟೆಯ ಹೊಲಿಗೆಯೇ ಬಿಚ್ಚಿಹೋಗುತ್ತದೇನೋ ಎನ್ನಿಸಿತು. ನಾನು ನಿಧಾನ ಎಂದು ಬೈದ ಹುಡುಗಿ ಅವಳು.

ಹೆಮ್ಮೆಯೇನೋ ಸರಿ, ಮಾನದ ಗತಿ? ಎರಡು ವಾರ ಬಿಟ್ಟು ಕಾಲೇಜಿಗೆ ಹೊರಟೆ. ತನ್ನ ಅಲರ್ಜಿಯನ್ನೇ ಮರೆತ ಔಷಧಶಾಸ್ತ್ರದ ಮೇಡಂ ಎಂದು ಇಷ್ಟು ಹೊತ್ತಿಗೆ ಹಾಸ್ಟೆಲ್ಲಿನಲ್ಲಿ ನಾಟಕವೇ ಆಡಿರಬೇಕು. ಆದರೆ ಗೇಟಿನಲ್ಲಿ ಯಾರೂ ನಗಲಿಲ್ಲ. ತರಗತಿಯಲ್ಲೂ ಕಿಸಕ್ಕೆನ್ನಲಿಲ್ಲ. ಕಾರಿಡಾರಿನಲ್ಲಿ ಸೌಮ್ಯಳನ್ನು ತಡೆದು ಮೆಲ್ಲಗೆ ಕೇಳಿದೆ, "ಯಾರಿಗೂ ಹೇಳ್ಲಿಲ್ವೇನೇ?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ಪೇಷಂಟ್ ವಿಷಯ ಹೊರಗೆ ಹೇಳಬಾರದಲ್ವಾ ಮೇಡಂ?" ಎಂದಳು.

ಕಣ್ಣು ತುಂಬಿ ಬಂತು. ಇಂಥ ಒಬ್ಬಳು ಸಿಕ್ಕರೆ ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡದ್ದು ಸಾರ್ಥಕ. ಬೆನ್ನು ತಟ್ಟಿ ಕಳಿಸಿ ಸ್ಟಾಫ್ ರೂಮಿಗೆ ಬಂದು ಕೂತೆ. ಹತ್ತು ನಿಮಿಷ ಹಲ್ಲು ಕಚ್ಚಿ ತಡೆದುಕೊಂಡೆ. ಆಮೇಲೆ ಆಗಲಿಲ್ಲ. "ನಮ್ಮ ಸೌಮ್ಯ ಏನ್ ಮಾಡಿದ್ಲು ಗೊತ್ತೇನ್ರೀ?" ಎಂದು ಶುರು ಮಾಡಿದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಪ್ರಿನ್ಸಿಪಾಲರಿಂದ ಅಟೆಂಡರ್‌ವರೆಗೆ ಪೇಷಂಟಿನ ಹೆಸರು, ಕಾಯಿಲೆ, ಅಲರ್ಜಿ, ಗಂಡ ತುಂಬಿದ ಫಾರಂ ಎಲ್ಲವೂ ಗೊತ್ತಾಗಿತ್ತು. ವಿದ್ಯಾರ್ಥಿನಿ ಕೊನೆಯವರೆಗೂ ಬಾಯಿಬಿಡಲಿಲ್ಲ. ಗುಟ್ಟು ಬಿಟ್ಟುಕೊಟ್ಟವಳು ಮೇಡಂ.