ಮನೆಗೆ ಬಂದವಳಿಗೆ ಒಂದು ಒಳಲೆ ನೀರು

ಆ ದಿನ ಅಡುಗೆಮನೆಯ ಕಿಟಕಿಯ ಬಳಿ ನಾನು ನಿಜವಾಗಿ ಏನು ಕಂಡೆ ಎಂದು ಪ್ರಮಾಣ ಮಾಡಿ ಹೇಳಲಾರೆ. ಕಂಡೆ ಎಂದುಕೊಂಡಿದ್ದೇನೆ, ಅಷ್ಟೆ. ನನ್ನ ನೆನಪು ನಂಬಿಕಸ್ಥ ಸಾಕ್ಷಿಯಲ್ಲ. ಕೇಳಿದಾಗಲೆಲ್ಲ ಹೇಳಿಕೆ ಬದಲಿಸುತ್ತದೆ. ಒಮ್ಮೆ ಮಾವನ ಕೈ ನಡುಗುತ್ತಿತ್ತು ಅನ್ನುತ್ತದೆ, ಇನ್ನೊಮ್ಮೆ ಬಂಡೆಯಂತೆ ಗಟ್ಟಿಯಾಗಿತ್ತು ಅನ್ನುತ್ತದೆ. ಆದರೆ ಒಂದು ಮಾತನ್ನು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ. ವರ್ಷವಿಡೀ ಆಕಾಶವೇ ಸೋರುವ ಐರ್ಲೆಂಡಿಗೆ ಬಂದು, "ಈ ದೇಶದಾಗೆ ಯಾರಾದ್ರೂ ಯಾರಿಗಾದ್ರೂ ಒಂದು ಲೋಟ ನೀರು ಕೊಡ್ತಾರೇನ್ರೀ?" ಎಂದು ಗೋಳಾಡಿದ ಏಕೈಕ ಮನುಷ್ಯ ನಮ್ಮ ಮಾವ!

ಮಾವ ಅಂದರೆ ನನ್ನ ಹೆಂಡತಿಯ ಅಪ್ಪ. ಚಳ್ಳಕೆರೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ಐರ್ಲೆಂಡಿನ ಲಿಮೆರಿಕ್‌ನಲ್ಲಿ ನಮಗೆ ಮಗಳು ಹುಟ್ಟಿದಾಗ ಬಾಣಂತನಕ್ಕೆ ಬರಬೇಕಾಗಿದ್ದವರು ಅತ್ತೆ. ಅವರ ಮೊಣಕಾಲಿನ ಆಪರೇಷನ್ ಸರಿಯಾಗಿ ಅದೇ ಸಮಯಕ್ಕೆ ಬಂತು. "ಯಾರೂ ಬರದಿದ್ರೂ ಪರವಾಗಿಲ್ಲ, ನಾನಿದೀನಲ್ಲ" ಎಂದು ನಾನು ಫೋನಿನಲ್ಲಿ ಧೈರ್ಯ ಹೇಳಿದೆ. ಅದನ್ನು ಕೇಳಿ ಗಾಬರಿಯಾಗಿಯೇ ಇರಬೇಕು, ಮಾವ ಮೂರು ತಿಂಗಳ ವೀಸಾ ಮಾಡಿಸಿಕೊಂಡು ತಾವೇ ಹೊರಟುಬಂದರು. ಬಾಣಂತನಕ್ಕೆ ಮಾವ! ಕೇಳಿದ್ದೀರಾ ಎಲ್ಲಾದರೂ? ಸೂಟ್‌ಕೇಸಿನಲ್ಲಿ ರಾಗಿಹಿಟ್ಟು, ಅಂಟು, ಕೊಬ್ಬರಿ, ಕೊರಳಲ್ಲಿ ವಿಶಲ್ಲು, ಒಂದು ಕಾಲುಚೀಲದೊಳಗೆ ಬೆಳ್ಳಿಯ ಒಳಲೆ. ಹಸುಗೂಸುಗಳಿಗೆ ಕುಡಿಸುವ, ಮೂತಿಯಿರುವ ಆ ಪುಟ್ಟ ಬಟ್ಟಲಿನಲ್ಲೇ ನನ್ನ ಹೆಂಡತಿಯೂ ಕುಡಿದು ಬೆಳೆದದ್ದಂತೆ.

ಮಾವನ ಜೀವನದಲ್ಲಿ ಒಂದೇ ಧರ್ಮ: ಹೊಸ್ತಿಲು ದಾಟಿ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಜೊತೆಗೆ ಒಂದು ತುಂಡು ಬೆಲ್ಲ. ಪಾರ್ಸೆಲ್ ತಂದ ಹುಡುಗ ಮಳೆಯಲ್ಲಿ ತೊಪ್ಪೆಯಾಗಿ ನಿಂತಿದ್ದರೂ ಅವನ ಕೈಗೆ ನೀರಿನ ಲೋಟ! ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದ ಅವನು ಲೋಟವನ್ನೂ ಮಾವನನ್ನೂ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ. ಅಥವಾ ಅದನ್ನೂ ನಾನೇ ಕಲ್ಪಿಸಿಕೊಂಡೆನೋ!

ಈ ಧರ್ಮಕ್ಕೆ ಸಂಕಟ ಬಂದದ್ದು ಮಗುವನ್ನು ನೋಡಲು ಪಬ್ಲಿಕ್ ಹೆಲ್ತ್ ನರ್ಸ್ ಮನೆಗೆ ಬಂದ ದಿನ. ಮಾವ ಲೋಟ ಹಿಡಿದು ನಿಂತರು. ಆಕೆ "ಐಯಾಮ್ ಗ್ರ್ಯಾಂಡ್, ಥ್ಯಾಂಕ್ಸ್" ಎಂದು ನಕ್ಕಳು.

"ಏನಂತೆ?"

"ಬೇಡವಂತೆ ಮಾವ."

"ಬ್ಯಾಡ ಅನ್ನಾಕೆ ಅಷ್ಟು ಖುಷಿ ಯಾಕೆ?"

ಆಮೇಲೆ ಅವರು ನನ್ನ ಮೂಲಕ ತಮ್ಮ ಪ್ರಶ್ನೆ ಕೇಳಿಸಿದರು: ಮಗುವಿಗೆ ನೀರು ಯಾವಾಗ? ನರ್ಸ್ ನಿಧಾನವಾಗಿ ವಿವರಿಸಿದಳು. ಆರು ತಿಂಗಳ ತನಕ ಎದೆಹಾಲು ಬಿಟ್ಟು ಇನ್ನೇನೂ ಬೇಡ, ನೀರೂ ಬೇಡ. ಹೊಟ್ಟೆ ಚಿಕ್ಕದು, ನೀರು ತುಂಬಿಸಿದರೆ ಹಾಲಿಗೆ ಜಾಗವಿರುವುದಿಲ್ಲ. ನೀರು ಹೆಚ್ಚಾದರೆ ಮೈಯ ಉಪ್ಪಿನಂಶ ಏರುಪೇರಾಗಿ ಅಪಾಯವೂ ಆಗಬಹುದು. ಸೆಖೆಯಾದರೆ ಇನ್ನಷ್ಟು ಸಲ ಹಾಲು ಕುಡಿಸಿ, ಸಾಕು. ನಾನು ಒಂದು ಅಕ್ಷರ ಬಿಡದೆ ಅನುವಾದಿಸಿದೆ. ಸ್ವಲ್ಪ ಜೋರಾಗಿಯೇ ಅನುವಾದಿಸಿದೆ ಎಂದು ಹೆಂಡತಿಯ ಆರೋಪ.

ಮಾವ ತಲೆಯಾಡಿಸಿದರು. ನರ್ಸ್ ಹೋದಮೇಲೆ ತೊಟ್ಟಿಲ ಮುಂದೆ ನಿಂತು ಮೊಮ್ಮಗಳ ಕ್ಷಮೆ ಕೇಳಿದರು. "ಆಕೆ ಹೇಳಿದ್ದು ಸರಿಯೇ ಇರಬೌದು. ಆದ್ರೂ ಅಳಿಯಂದ್ರೇ, ಮನೆಗೆ ಹೊಸದಾಗಿ ಬಂದೋಳು ಇವಳೇ ಅಲ್ವಾ? ಬಂದು ಇಷ್ಟು ದಿನ ಆತು, ನೀರು ಬೇಕೇನವ್ವಾ ಅಂತ ಒಬ್ರೂ ಕೇಳಿಲ್ಲ. ಚಳ್ಳಕೆರೇಲಿ ಇದು ಗೊತ್ತಾದ್ರೆ ನಮ್ಮ ಮಾನ ಉಳೀತದಾ?"

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ತೊಂದರೆ ಬೇರೆಯೇ ಇತ್ತು. ನನ್ನ ಮಗಳು ನನ್ನ ತೋಳಿಗೆ ಬಂದರೆ ಅಳುತ್ತಿದ್ದಳು, ಮಾವನ ತೋಳಿಗೆ ಹೋದರೆ ಸುಮ್ಮನಾಗುತ್ತಿದ್ದಳು! ಅವರು ಮಾಡುತ್ತಿದ್ದುದಾದರೂ ಏನು? ಮಗುವನ್ನು ಎದೆಗಾನಿಸಿಕೊಂಡು, ಶಾಲೆಯ ಮೈದಾನದ ಗತ್ತಿನಲ್ಲಿ, ಆದರೆ ಪಿಸುದನಿಯಲ್ಲಿ "ವಿ...ಶ್ರಾಮ್!" ಅನ್ನುತ್ತಿದ್ದರು. ತಕ್ಷಣ ಆ ಪುಟ್ಟ ಮೈ ಸಡಿಲವಾಗುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ನಾನು ಇದನ್ನು ಕಾಕತಾಳೀಯವೆಂದೇ ವಾದಿಸಿದೆ. ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ನಾನೂ "ವಿಶ್ರಾಮ್" ಅಂದು ನೋಡಿದೆ. ಮಗು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯಾಕೆ ಬಂದು "ಎವೆರಿಥಿಂಗ್ ಗ್ರ್ಯಾಂಡ್?" ಎಂದು ವಿಚಾರಿಸಿದಳು.

"ಹೊಟ್ಟೆಕಿಚ್ಚು ಕಣೋ ನಿಂಗೆ" ಅಂದಳು ಹೆಂಡತಿ.

"ನಂಗಾ? ಆ ವಿಶಲ್ ಮೇಷ್ಟ್ರ ಮೇಲಾ?"

"ಮೊನ್ನೆ ಅವಳು ಮೊದಲ ಸಲ ನಕ್ಕಿದ್ದು ಅಪ್ಪನ್ನ ನೋಡಿ ಅಂದಾಗ, ಅದು ನಗುವಲ್ಲ, ಗ್ಯಾಸು ಅಂದೆಯಲ್ಲ!"

ಗ್ಯಾಸೇ ಇದ್ದಿರಬಹುದು. ನಾನು ಈಗಲೂ ಆ ಸಾಧ್ಯತೆಯನ್ನು ತಳ್ಳಿಹಾಕುವುದಿಲ್ಲ.

ಅಷ್ಟರಲ್ಲಿ ಲಿಮೆರಿಕ್‌ಗೆ ಬೇಸಿಗೆ ಬಂತು. ಬೇಸಿಗೆ ಅಂದರೆ ಏನು, ಒಂದಿಷ್ಟು ದಿನ ಮಳೆ ಬರಲಿಲ್ಲ. ಬೀದಿಯವರೆಲ್ಲ ಚಡ್ಡಿ ಹಾಕಿಕೊಂಡು, ಕೆಂಪಗೆ ಬೆಂದು, "ಕೊಲ್ತಿದೆ ಈ ಬಿಸಿಲು" ಎಂದು ನರಳತೊಡಗಿದರು. ಮಾವ ಸ್ವೆಟರ್ ತೊಟ್ಟು, ಮಂಕಿ ಕ್ಯಾಪ್ ಏರಿಸಿ ಹಿತ್ತಲಲ್ಲಿ ಕೂತಿದ್ದರು.

"ಅಳಿಯಂದ್ರೇ, ಈ ಬಿಸಿಲಿಗೆ ಕೂಸಿನ ಗಂಟಲು ಒಣಗಲ್ವಾ?"

"ನೀವೇ ಸ್ವೆಟರ್ ಹಾಕ್ಕೊಂಡಿದೀರಲ್ಲ ಮಾವ!"

"ನಾನು ಚಳ್ಳಕೆರೆಯೋನು, ನನಗಿದು ಚಳಿ. ಇವಳು ಲಿಮೆರಿಕ್‌ನೋಳು, ಇವಳಿಗಿದು ಬಿಸಿಲು!"

ಈ ತರ್ಕದಲ್ಲಿ ದೋಷ ಹುಡುಕಲು ನಾನು ಬಹಳ ಹೆಣಗಿದೆ. ಸಿಕ್ಕಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಅವರು ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಕ್ಲಾಸು ರದ್ದಾಗಿ ನಾನು ಬೇಗ ಮನೆಗೆ ಬಂದೆ. ಹೆಂಡತಿ ಮಹಡಿಯಲ್ಲಿ ಮಲಗಿದ್ದಳು. ಅಡುಗೆಮನೆಯ ಕಿಟಕಿಯ ಬಳಿ ಮಾವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಮಗುವಿನ ತುಟಿಯ ಬಳಿ ಒಳಲೆ. ಒಳಲೆಯೊಳಗೆ ತೆಳ್ಳಗೆ ಏನೋ ಮಿನುಗಿತು. ಮಗು ಚಪ್ಪರಿಸಿತು. ಇಷ್ಟು ನಾನು ಕಂಡದ್ದು, ಅಥವಾ ಕಂಡೆ ಎಂದುಕೊಂಡದ್ದು.

"ಮಾವ! ನೀರಾ ಅದು?"

ಅವರು ಬೆಚ್ಚಿಬಿದ್ದು ಒಳಲೆಯನ್ನು ಟವೆಲಿನಲ್ಲಿ ಮುಚ್ಚಿದರು. "ಅಲ್ಲ."

"ಮತ್ತೇನು?"

ಅವರ ಕಿವಿ ಕೆಂಪಾಯಿತು. ನೆಲ ನೋಡುತ್ತಾ ಅಂದರು, "ನೀರಲ್ಲ ಅಂದ್ನಲ್ಲ ಅಳಿಯಂದ್ರೇ, ಅಷ್ಟು ಸಾಕು. ಮುಂದಕ್ಕೆ ಕೇಳಬ್ಯಾಡ್ರಿ."

ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕೆ? ಮೇಲೆ ಹೋಗಿ ಹೆಂಡತಿಯನ್ನು ಎಬ್ಬಿಸಿ ಕೇಳಬಹುದಿತ್ತು. ಎಲ್ಲವನ್ನೂ ಪರೀಕ್ಷಿಸಿಯೇ ನಂಬುವ ನಾನು ಇದೊಂದನ್ನು ಪರೀಕ್ಷಿಸಲಿಲ್ಲ. ಕೇಳಿದರೆ ಮಾವ ನಿರಪರಾಧಿ ಎಂದಾಗಿಬಿಟ್ಟರೆ? ಅವರ ವಿರುದ್ಧ ನನ್ನ ಕೈಗೆ ಸಿಕ್ಕಿದ್ದೇ ಆ ಒಂದು ಆಯುಧ! ಆ ವಾರ ನರ್ಸ್ ಬಂದು ತೂಕ ನೋಡಿ, ಮಗು ಚೆನ್ನಾಗಿ ಬೆಳೆಯುತ್ತಿದೆ ಅಂದಳು. ನನಗೆ ನೆಮ್ಮದಿಯಾಯಿತು. ಆಯುಧವನ್ನೂ ಜೋಪಾನವಾಗಿ ಇಟ್ಟುಕೊಂಡೆ.

ಮಾವ ಒಳಲೆಯನ್ನು ನಮ್ಮಲ್ಲೇ ಬಿಟ್ಟು ಊರಿಗೆ ಹೋದರು. ಹೊರಡುವಾಗ ಮಗುವಿನ ಕಿವಿಯಲ್ಲಿ ಏನೋ ಹೇಳಿದರು. "ವಿಶ್ರಾಮ್" ಇರಬೇಕು, ನನಗೆ ಕೇಳಿಸಲಿಲ್ಲ. ಆಮೇಲಿನ ದಿನಗಳಲ್ಲಿ ಮಗು ನನ್ನ ತೋಳಲ್ಲಿ ಅಳುತ್ತಾ, ನನ್ನ ಹೆಗಲಾಚೆ ಯಾರನ್ನೋ ಹುಡುಕುತ್ತಿತ್ತು. ಎದುರಾಳಿಯೇ ಇಲ್ಲದ ಮೈದಾನದಲ್ಲಿಯೂ ಸೋತವನನ್ನು ನೀವು ನೋಡಿದ್ದೀರಾ? ನನ್ನನ್ನು ನೋಡಿ!

ಕೊನೆಗೂ ಆರು ತಿಂಗಳು ತುಂಬಿತು. ರಾಗಿ ಸರಿ ಶುರುವಾಯಿತು, ಜೊತೆಗೆ ಗುಟುಕು ನೀರಿಗೂ ಅನುಮತಿ ಸಿಕ್ಕಿತು. ಕುದಿಸಿ ಆರಿಸಿದ ನೀರನ್ನು ಒಳಲೆಗೆ ಹಾಕಿಕೊಂಡು ನಾನು ಮಗಳ ಮುಂದೆ ಕೂತೆ. ಮೊದಲ ನೀರು ಅಪ್ಪನ ಕೈಯಿಂದ! ಆ ಹುಮ್ಮಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಡತಿಯ ಮುಂದೆ ಆಯುಧ ಜಾರಿ ಹೊರಬಿತ್ತು.

"ಮೊದಲ ನೀರೇನಲ್ಲ ಬಿಡು. ನಿಮ್ಮಪ್ಪ ಆಗ್ಲೇ ಕದ್ದು ಕುಡಿಸಿದ್ರಲ್ಲ, ಇದೇ ಒಳಲೇಲಿ."

ಹೆಂಡತಿ ನನ್ನನ್ನೇ ನೋಡಿದಳು. "ಅದು ನೀರಲ್ಲ ಕಣೋ, ನನ್ನ ಹಾಲು. ನಾನೇ ಪಂಪ್ ಮಾಡಿ ಕೊಟ್ಟು ಮಲ್ಕೊಂಡಿದ್ದೆ. 'ಕೂಸಿಗೆ ಆರು ತಿಂಗಳು ತುಂಬೋ ಹೊತ್ತಿಗೆ ನಾನಿಲ್ಲಿರಲ್ಲ ತಾಯಿ, ಒಂದೇ ಒಂದು ಸಲ ನನ್ನ ಕೈಯಾರೆ ಏನಾದ್ರೂ ಕುಡಿಸ್ತೀನಿ' ಅಂತ ಅಪ್ಪ ಕೇಳಿದ್ರು."

"ಮತ್ತೆ ನಂಗೆ ಯಾಕೆ ಹೇಳಲಿಲ್ಲ?"

"ಮಗಳ ಎದೆಹಾಲಿನ ಮಾತನ್ನ ಅಳಿಯನ ಮುಂದೆ ಆಡ್ತಾರೇನೋ ನಮ್ಮಪ್ಪ? ಸತ್ರೂ ಆಡಲ್ಲ!"

ಒಂದು ಕೈಯಲ್ಲಿ ಒಳಲೆ ಹಿಡಿದೇ ನಾನು ಚಳ್ಳಕೆರೆಗೆ ವಿಡಿಯೋ ಕರೆ ಮಾಡಿದೆ. ಫೋನನ್ನು ಮಗಳ ಕಣ್ಣೆದುರು ಬರುವಂತೆ, ನನ್ನ ಮುಖಕ್ಕೆ ಅಡ್ಡವಾಗಿ ಹಿಡಿದೆ.

"ಮಾವ, ಇವಳಿಗೆ ನೀರು ಕೊಡ್ತಿದೀನಿ. ನೀವು ಕೇಳಿ ಇವಳನ್ನ."

ಅವರು ತಡವರಿಸಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಬಾರವ್ವಾ, ಕೂತ್ಕ. ದೂರದಿಂದ ಬಂದೀಯ. ನೀರು ಕುಡೀತೀಯೇನವ್ವಾ?"

ಒಳಲೆ ತುಟಿಗೆ ತಾಗಿದ್ದೇ ಮಗಳು ಬಾಯಿ ತೆರೆದು ಕೇಕೆ ಹಾಕಿ ನಕ್ಕಳು. ನೀರೆಲ್ಲ ನನ್ನ ಅಂಗಿಯ ಮೇಲೆ. ಗ್ಯಾಸ್ ಅಲ್ಲ, ನಗುವೇ. ಫೋನನ್ನು ನೋಡಿಯೇ ನಕ್ಕದ್ದು. ಹೊಟ್ಟೆ ಉರಿಯಿತು, ಆದರೂ ಫೋನನ್ನು ಕೆಳಗಿಳಿಸಲಿಲ್ಲ.

ಹಾಗಾದರೆ ನನ್ನ ಮಗಳಿಗೆ ಮೊದಲ ನೀರು ಕೊಟ್ಟವರು ಯಾರು? ಈ ಕಥೆಯಲ್ಲಿ ನಾನು ಆಮೇಲೆ ಹುಡುಕಿ ಓದಿ, ನರ್ಸನ್ನೂ ಕೇಳಿ, ಖಚಿತಪಡಿಸಿಕೊಂಡ ಸಂಗತಿ ಒಂದೇ: ಎದೆಹಾಲಿನಲ್ಲಿ ಬಹುಪಾಲು ಇರುವುದು ನೀರೇ.